ಮೇಲಿನ ಮನೆಯ ನೀರು, ಕೆಳಗಿನ ಮನೆಯ ಗೋಡೆ

ಮೂವತ್ತು–ನಲವತ್ತರ ಸೈಟು ಅಂದರೆ 1,200 ಚದರ ಅಡಿ. ಮೀಟರಿನ ಲೆಕ್ಕಕ್ಕೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಪ್ಪತ್ನಾಲ್ಕು ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಹಾಗೆ ಒಂದು ದಿನ ಸುರಿದರೆ ಆ ಪುಟ್ಟ ಸೈಟಿನ ಮೇಲೆ ಏಳು ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಮಲೆನಾಡು, ಕರಾವಳಿಯಲ್ಲಿ ಅಂಥ ದಿನಗಳು ಒಂದರ ಹಿಂದೆ ಒಂದು ಬರುತ್ತವೆ. ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ಮಿ.ಮೀ. ಮೀರುತ್ತದೆ.

ಇಷ್ಟು ನೀರು ಎಲ್ಲಿಗಾದರೂ ಹೋಗಲೇಬೇಕು. ಹೋಗುವುದು ತಗ್ಗಿಗೆ. ತಗ್ಗಿನಲ್ಲಿ ಇನ್ನೊಬ್ಬರ ಮನೆ ಇರುತ್ತದೆ.

ಅಕ್ಕಪಕ್ಕದವರ ನಡುವೆ ಜಗಳಕ್ಕೆ ಕಾರಣಗಳು ಬೇಕಾದಷ್ಟು. ಬೇಲಿ ದಾಟಿದ ಹಲಸಿನ ಕೊಂಬೆ, ಗಿಡ ಮೇಯ್ದ ದನ, ರಾತ್ರಿಯೆಲ್ಲ ಬೊಗಳುವ ನಾಯಿ. ಅವು ಬರುತ್ತವೆ, ಹೋಗುತ್ತವೆ. ನೀರಿನ ಜಗಳ ಹಾಗಲ್ಲ, ಅದು ಪ್ರತಿ ಮೃಗಶಿರಾ ಮಳೆಗೂ ಹೊಸದಾಗುತ್ತದೆ. ದೀಪಾವಳಿಯ ಹೊತ್ತಿಗೆ ತಣ್ಣಗಾದದ್ದು ಜೂನ್‌ನಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡು ಮನೆಯ ಮಕ್ಕಳು ಒಟ್ಟಿಗೆ ಶಾಲೆಗೆ ಹೋಗುವುದೂ ನಿಲ್ಲುತ್ತದೆ. ಇಂಥ ಜಗಳಗಳಲ್ಲಿ ಹೆಚ್ಚಿನವು ಕೋರ್ಟಿನ ಮೆಟ್ಟಿಲು ಹತ್ತಬೇಕಾದವಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮಳೆ ಸುರಿಯುವಾಗ ಎರಡೂ ಮನೆಯವರು ಒಟ್ಟಿಗೆ ನಿಂತು ನೀರಿನ ದಾರಿ ನೋಡಬೇಕು, ಮಟ್ಟ ಹಿಡಿಯಬೇಕು, ಒಪ್ಪಿದ್ದನ್ನು ಬರೆದಿಡಬೇಕು. ಈ ಮೂರು ಆಗದೆ ಎಷ್ಟು ಮಾತಾಡಿದರೂ ಅದು ಬರೀ ಮಾತು.

ಹಿಂದೆ ಇಷ್ಟೊಂದು ಜಗಳ ಇರಲಿಲ್ಲ ಎಂದು ಹಿರಿಯರು ಹೇಳುವುದರಲ್ಲಿ ನಿಜವಿದೆ. ಆಗಿನ ಜನ ಒಳ್ಳೆಯವರು, ಈಗಿನವರು ಕೆಟ್ಟವರು ಎಂಬುದು ಕಾರಣವಲ್ಲ. ಬದಲಾದದ್ದು ನೆಲ. ಹಂಚಿನ ಮಾಡಿನ ನೀರು ಸೂರಿನ ಉದ್ದಕ್ಕೂ ಹರಡಿ ಬೀಳುತ್ತಿತ್ತು. ಬಿದ್ದದ್ದು ಮಣ್ಣಿನ ಅಂಗಳ, ಗಿಡಗಳ ಬುಡ, ಹಿತ್ತಲು ಎಂದು ಹಂಚಿಹೋಗುತ್ತಿತ್ತು. ಬಚ್ಚಲ ನೀರಿಗೆ ಬಾಳೆ, ಕೆಸುವಿನ ಬುಡ ಇತ್ತು. ನಡುವೆ ಇದ್ದದ್ದು ದಾಸವಾಳದ ಬೇಲಿಯೋ ಅಗಳವೋ. ಬೇಲಿ ನೀರನ್ನು ತಡೆಯುತ್ತಿರಲಿಲ್ಲ, ಅಗಳವಂತೂ ತಾನೇ ಕಾಲುವೆ. ಈಗ ತಾರಸಿಯ ನೀರೆಲ್ಲ ಮೂರು ನಾಲ್ಕು ಪೈಪಿನಲ್ಲಿ ಕೂಡಿ ಒಂದೇ ಜಾಗಕ್ಕೆ ಧುಮುಕುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ. ಜೆಸಿಬಿ ತಂದು ದರೆ ಕಡಿದು ಸೈಟು ಮಟ್ಟ ಮಾಡಿದೆ. ಬೇಲಿಯ ಜಾಗಕ್ಕೆ ಸಿಮೆಂಟ್ ಬ್ಲಾಕಿನ ಕಾಂಪೌಂಡು ಬಂದಿದೆ. ಮಳೆ ಮೊದಲಿನಷ್ಟೇ ಸುರಿದರೂ ಕೆಳಗಿನ ಮನೆ ಮುಟ್ಟುವ ನೀರು ಹೆಚ್ಚಿದೆ, ಬರುವ ರಭಸವೂ ಹೆಚ್ಚಿದೆ.

ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಮಲೆನಾಡಿನ ಒಂದು ಪಟ್ಟಣದ ಅಂಚಿನ ಬಡಾವಣೆ. ಮೇಲಿನ ಮನೆ ನಿವೃತ್ತ ಮೇಷ್ಟ್ರದ್ದು, ಕೆಳಗಿನದು ದಿನಸಿ ಅಂಗಡಿ ನಡೆಸುವ ದಂಪತಿಯದ್ದು. ವರ್ಷಗಟ್ಟಲೆ ಕರಿಬೇವು, ಮಜ್ಜಿಗೆ ಕೊಟ್ಟು ತೆಗೆದುಕೊಂಡ ಮನೆಗಳು. ಮಗನ ಮದುವೆಗೆ ಮುಂಚೆ ಮೇಷ್ಟ್ರು ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದರು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದರು. ನಾಲ್ಕು ಪೈಪುಗಳೂ ಇಳಿಜಾರಿನ ಕಡೆಗೇ ಇಳಿದವು. ಆ ವರ್ಷದ ಮಳೆಗೆ ಕೆಳಗಿನ ಮನೆಯ ದೇವರ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ನೆನೆಯಿತು, ಸುಣ್ಣ ಹೊಪ್ಪಳೆ ಎದ್ದಿತು.

“ಮೇಷ್ಟ್ರೇ, ನಿಮ್ಮ ನೀರು ನಮ್ಮ ಗೋಡೆಗೆ ಬರ್ತಿದೆ, ಏನಾದ್ರೂ ಮಾಡಿ” ಎಂದು ಆಕೆ ಬಂದು ಹೇಳಿದಾಗ ಮೇಷ್ಟ್ರು, “ನೀರು ಇಳಿಜಾರಿಗೆ ಹೋಗ್ದೆ ಗುಡ್ಡ ಹತ್ತುತ್ತೇನಮ್ಮಾ?” ಅಂದುಬಿಟ್ಟರು. ಮಾತು ಸುಳ್ಳಲ್ಲ. ಆದರೆ ಗೋಡೆ ನೆನೆದು ಸಂಕಟದಲ್ಲಿ ಬಂದವರಿಗೆ ಹೇಳುವ ಮಾತು ಅದಾಗಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಳಗಿನವರು ಗಡಿಯುದ್ದಕ್ಕೂ ಕಾಂಪೌಂಡ್ ಎಬ್ಬಿಸಿದರು, ಒಂದು ಕಿಂಡಿಯನ್ನೂ ಬಿಡದೆ. ಮಳೆ ಬಂತು, ಮೇಷ್ಟ್ರ ಅಂಗಳ ಕೆರೆಯಾಯಿತು, ರಾಡಿ ಬಾವಿಯ ಕಟ್ಟೆ ಹತ್ತಿತು. ಒಂದು ರಾತ್ರಿ ಯಾರೋ ಕಾಂಪೌಂಡಿಗೆ ಎರಡು ತೂತು ಕೊರೆದರು. ಬೆಳಗ್ಗೆ ಪೊಲೀಸ್ ಠಾಣೆಗೆ ಅರ್ಜಿ ಹೋಯಿತು. ಠಾಣೆಯವರು ಇಬ್ಬರನ್ನೂ ಕೂರಿಸಿ, ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದು ಕಳಿಸಿದರು. “ಸ್ಟೇ ತರ್ತೀನಿ” ಎಂದು ಇವರು, “ತನ್ನಿ ನೋಡಾಣ” ಎಂದು ಅವರು.

ಗಂಟು ಬಿಡಿಸಿದ್ದು ಎರಡೂ ಮನೆ ಕಟ್ಟಿದ್ದ ಮೇಸ್ತ್ರಿ. ಆತನ ಮೇಲೆ ಇಬ್ಬರಿಗೂ ನಂಬಿಕೆ. “ಬಿಸಿಲಲ್ಲಿ ನಿಂತ್ಕಂಡು ನೀರಿನ ಮಾತಾಡಿ ಪ್ರಯೋಜನ ಇಲ್ಲ ಮೇಷ್ಟ್ರೇ. ಜೋರು ಮಳೆ ಬಂದಾಗ ಕರೀರಿ, ಇಬ್ರೂ ಇರ್ಬೇಕು” ಎಂದ. ಆಷಾಢದ ಒಂದು ಮಧ್ಯಾಹ್ನ ಕೊಡೆ ಹಿಡಿದು ಎಲ್ಲರೂ ಮೇಲಿನ ರಸ್ತೆಯಿಂದ ಕೆಳಗಿನ ಹಿತ್ತಲಿನವರೆಗೆ ನಡೆದರು. ಮೇಸ್ತ್ರಿ ಚೀಲದಿಂದ ಭತ್ತದ ಹೊಟ್ಟು ತೆಗೆದು ಅಲ್ಲಲ್ಲಿ ನೀರಿಗೆ ಎರಚುತ್ತ ಹೋದ. ಹೊಟ್ಟು ತೇಲಿಹೋದ ಕಡೆ ಎಲ್ಲರ ಕಣ್ಣೂ ಹೋಯಿತು. ಆಗ ಗೊತ್ತಾದ ಸಂಗತಿ ಇಬ್ಬರೂ ಎಣಿಸದೇ ಇದ್ದದ್ದು: ಅಂಗಳಕ್ಕೆ ಬರುತ್ತಿದ್ದ ನೀರಿನಲ್ಲಿ ದೊಡ್ಡ ಪಾಲು ಮೇಷ್ಟ್ರದ್ದೂ ಅಲ್ಲ, ರಸ್ತೆಯದು. ಕಾಂಕ್ರೀಟ್ ಹಾಕಿದ ಮೇಲೆ ರಸ್ತೆ ಅಂಗಳಕ್ಕಿಂತ ಎತ್ತರವಾಗಿತ್ತು. ಮೂರನೆಯ ಮನೆಯವರು ಕಾರು ಒಳಗೆ ಹೋಗಲೆಂದು ಚರಂಡಿಗೆ ಮಣ್ಣು ತುಂಬಿ ಚಪ್ಪಡಿ ಹಾಕಿದ್ದರು. ರಸ್ತೆಯ ನೀರು ಅಲ್ಲಿ ತಡೆದು, ಗೇಟಿನ ಅಡಿಯಿಂದ ಮೇಷ್ಟ್ರ ಅಂಗಳಕ್ಕೆ ತಿರುಗಿ, ಅಲ್ಲಿಂದ ಕೆಳಗೆ ಇಳಿಯುತ್ತಿತ್ತು.

ಇದನ್ನು ಕಂಡ ಮೇಲೆ ಮಾತಿನ ಧಾಟಿಯೇ ಬೇರೆಯಾಯಿತು. ನಿಮ್ಮ ನೀರು, ನಮ್ಮ ನೀರು ಎಂಬುದು ಹೋಗಿ ಇದನ್ನು ಎಲ್ಲಿಗೆ ಬಿಡೋಣ ಎಂಬಲ್ಲಿಗೆ ಬಂದರು. ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದ. ನೂರು ಅಡಿಗೆ ಒಂದು ಅಡಿ ಇಳಿತ ಸಿಕ್ಕರೆ ಮಳೆನೀರಿನ ಕಾಲುವೆಗೆ ಸಾಕು. ಇಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ಮುಂದಿನ ಎರಡು ಪೈಪಿನ ನೀರನ್ನು ರಸ್ತೆಯ ಚರಂಡಿಗೆ, ಹಿಂದಿನ ಎರಡರದನ್ನು ಗಡಿಯ ಪಕ್ಕದ ಕಾಲುವೆಗೆ ತಿರುಗಿಸುವುದೆಂದು ತೀರ್ಮಾನವಾಯಿತು. ಕಾಲುವೆ ಮೇಷ್ಟ್ರ ಜಾಗದಲ್ಲಿ. ಅಲ್ಲಿಂದ ಹಿಂದಿನ ಹಳ್ಳಕ್ಕೆ ಹೋಗಲು ಕೆಳಗಿನವರ ಹಿತ್ತಲಿನ ಅಂಚಿನಲ್ಲಿ ನೆಲದಡಿ ಆರು ಇಂಚಿನ ಪೈಪು, ತಿರುವಿನಲ್ಲಿ ಹೂಳು ನಿಲ್ಲಲು ಚೇಂಬರ್, ಬಾಯಿಗೆ ಜಾಲರಿ. ಅಗೆತ, ಪೈಪಿನ ಖರ್ಚು ಮೇಷ್ಟ್ರದ್ದು, ದಾರಿ ಕೊಡುವುದು ಕೆಳಗಿನವರು. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಇಬ್ಬರೂ ಸೇರಿ ಹೂಳು ತೆಗೆಯಬೇಕು. ಮುಚ್ಚಿದ ಚರಂಡಿಯ ಬಗ್ಗೆ ಇಬ್ಬರ ಸಹಿಯೊಂದಿಗೆ ಒಂದೇ ಅರ್ಜಿ ಸ್ಥಳೀಯ ಸಂಸ್ಥೆಗೆ ಹೋಯಿತು. ಒಬ್ಬನ ದೂರನ್ನು ಪಕ್ಕಕ್ಕೆ ಇಡುವ ಕಚೇರಿ ಎರಡು ಮನೆಯವರು ಒಟ್ಟಿಗೆ ಬಂದಾಗ ಹಾಗೆ ಮಾಡುವುದು ಕಷ್ಟ.

ಇಲ್ಲಿ ಯಾರ ಹಕ್ಕು ಎಷ್ಟು ಎಂಬುದನ್ನು ಮೊದಲೇ ತಿಳಿದಿದ್ದರೆ ಇಬ್ಬರೂ ಅಷ್ಟು ದೂರ ಹೋಗುತ್ತಿರಲಿಲ್ಲ. ನಮ್ಮಲ್ಲಿ ಇದಕ್ಕೆ ಆಧಾರ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ. ಅದರ 7ನೇ ಕಲಮಿನ ಉದಾಹರಣೆಗಳಲ್ಲಿ ಈ ವಿಷಯ ನೇರವಾಗಿ ಬರುತ್ತದೆ. ಮೇಲಿನ ಜಮೀನಿನಲ್ಲಿ ಹುಟ್ಟುವ, ಅದರ ಮೇಲೆ ಬೀಳುವ ನೀರು ತನ್ನಷ್ಟಕ್ಕೆ ಕೆಳಗಿನ ಜಮೀನಿಗೆ ಹರಿಯಲು ಕೆಳಗಿನವರು ಬಿಡಬೇಕು. ಹಾಗಾಗಿ ಕಿಂಡಿಯಿಲ್ಲದ ಕಾಂಪೌಂಡು ಕಟ್ಟಿ ಸಹಜ ಹರಿವನ್ನು ಪೂರ್ತಿ ತಡೆಯುವುದು ಸರಿಯಲ್ಲ. ಆದರೆ ಅದೇ ಮಾತನ್ನು ಮೇಲಿನವರು ಗುರಾಣಿ ಮಾಡಿಕೊಳ್ಳುವಂತೆಯೂ ಇಲ್ಲ. ಕಾಯ್ದೆ ಹೇಳುವುದು ಸಹಜವಾಗಿ ಹರಿಯುವ ನೀರಿನ ಮಾತು. ತಾರಸಿ, ಪೈಪು, ಸಿಮೆಂಟಿನ ಅಂಗಳದಿಂದ ಕೂಡಿಸಿ ಒಂದೇ ಕಡೆ ಸುರಿಯುವ ನೀರಿಗೆ ಆ ರಕ್ಷಣೆ ತಾನಾಗಿ ಸಿಗದು. ಬಚ್ಚಲು, ಶೌಚದ ನೀರಿಗಂತೂ ಸಿಗುವುದೇ ಇಲ್ಲ.

“ನಮ್ಮ ಅಜ್ಜನ ಕಾಲದಿಂದ ಇಲ್ಲೇ ಹೋಗ್ತಿದೆ” ಎಂಬ ವಾದಕ್ಕೂ ಕಾಯ್ದೆಯಲ್ಲಿ ಜಾಗವಿದೆ. ಶಾಂತವಾಗಿ, ಬಹಿರಂಗವಾಗಿ, ತನ್ನ ಹಕ್ಕೆಂಬಂತೆ, ತಡೆಯಿಲ್ಲದೆ 20 ವರ್ಷ ಅನುಭವಿಸಿದ್ದರೆ 15ನೇ ಕಲಮಿನಡಿ ಆ ಹಕ್ಕು ಸಾಬೀತು ಮಾಡಬಹುದು. ಆದರೆ ಎಷ್ಟಕ್ಕೆ ಹಕ್ಕಿತ್ತೋ ಅಷ್ಟಕ್ಕೇ. ಸೂರಿನ ನೀರನ್ನು ಪಕ್ಕದವರ ಜಾಗಕ್ಕೆ ಬಿಡುವ ಹಕ್ಕಿದ್ದವನು ಸೂರನ್ನು ಮುಂದಕ್ಕೆ ಚಾಚಿ ಹೊರೆ ಹೆಚ್ಚಿಸುವಂತಿಲ್ಲ ಎಂದು 23ನೇ ಕಲಮಿನ ಉದಾಹರಣೆ ಹೇಳುತ್ತದೆ. ಹಂಚಿನ ಮನೆಯ ಹಕ್ಕನ್ನು ಹಿಡಿದು ಮೂರು ಮಹಡಿಯ ನೀರು ಸುರಿಯುವವರು ಇದನ್ನು ಓದಿಕೊಳ್ಳಬೇಕು.

ರಾತ್ರಿ ತೂತು ಕೊರೆಯುವವರಿಗೂ ಒಂದು ಕಲಮು ಇದೆ, 36ನೆಯದು. ನಿಮ್ಮ ಹಕ್ಕಿಗೆ ಯಾರೋ ಅಡ್ಡಿ ಮಾಡಿದ್ದು ನಿಜವೇ ಇರಲಿ, ಆ ಅಡ್ಡಿಯನ್ನು ನೀವೇ ಒಡೆದು ತೆಗೆಯುವಂತಿಲ್ಲ. ಹಾರೆ ಎತ್ತಿದ ಕ್ಷಣಕ್ಕೆ ನ್ಯಾಯ ನಿಮ್ಮ ಕಡೆ ಇದ್ದರೂ ಕೇಸು ನಿಮ್ಮ ಮೇಲೆ ಬೀಳಬಹುದು.

ಅಣ್ಣತಮ್ಮಂದಿರ ನಡುವಿನ ನೀರಿನ ಜಗಳದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮೂರುಗಳಲ್ಲಿ ಪಕ್ಕದ ಮನೆಯವರೆಂದರೆ ಎಷ್ಟೋ ಸಲ ದಾಯಾದಿಗಳೇ. ಹಿಸ್ಸೆಯಾಗುವಾಗ ಪಾತ್ರೆ–ಪಡಗ, ತೋಟದ ಸಾಲು, ಕೊಟ್ಟಿಗೆ, ಬಾವಿಯ ಪಾಳಿ ಎಲ್ಲ ಪಾಲುಪಟ್ಟಿಗೆ ಬರುತ್ತವೆ. ಮನೆಯ ನೀರು ಹೋಗುವ ದಾರಿ ಬರುವುದಿಲ್ಲ. ಒಂದೇ ಮನೆಯಾಗಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ನಡುವೆ ಗೋಡೆ ಎದ್ದ ಮೇಲೆ ಅಣ್ಣನ ಬಚ್ಚಲ ಮೋರಿ ತಮ್ಮನ ಪಾಲಿನಲ್ಲಿದೆ, ತಮ್ಮನ ಹಿತ್ತಲ ಕಾಲುವೆ ಅಣ್ಣನ ಹೊಸ ಕೊಟ್ಟಿಗೆಯಡಿ ಹೋಗುತ್ತದೆ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಮಾತು ನಿಂತಿರುತ್ತದೆ. ಪಾಲಾದ ಆಸ್ತಿಯಲ್ಲಿ ಒಬ್ಬರ ಪಾಲನ್ನು ಅನುಭವಿಸಲು ಇನ್ನೊಬ್ಬರ ಪಾಲಿನ ಮೂಲಕ ದಾರಿ ಅನಿವಾರ್ಯವಾಗಿದ್ದರೆ ಆ ಹಕ್ಕು ಇದೆ ಎಂದು 13ನೇ ಕಲಮು ಹೇಳುತ್ತದೆ. ಚರಂಡಿಯೂ ಆ ಲೆಕ್ಕಕ್ಕೆ ಬರಬಲ್ಲದು. ಆದರೆ ಅದನ್ನು ನ್ಯಾಯಾಧೀಶರ ಮುಂದೆ ಸಾಬೀತು ಮಾಡುವ ಹೊತ್ತಿಗೆ ಅಣ್ಣನ ಮಗಳ ಮದುವೆಗೆ ತಮ್ಮ ಬಂದಿರುವುದಿಲ್ಲ, ತಮ್ಮನ ಮನೆಯ ತಿಥಿಗೆ ಅಣ್ಣ ಹೋಗಿರುವುದಿಲ್ಲ. ಹಿಸ್ಸೆ ಪತ್ರ ಬರೆಯುವ ದಿನ ಎರಡು ಸಾಲು ಸೇರಿಸಿದರೆ ಈ ದುಃಖ ತಪ್ಪುತ್ತದೆ. ಚಕ್ಕುಬಂದಿ ಬರೆದ ಹಾಗೆಯೇ ಮಳೆನೀರು, ಬಚ್ಚಲ ನೀರು ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲದ ಕಾಲುವೆಯಲ್ಲಿ ಹೋಗಬೇಕು, ಹೂಳು ಯಾರು ತೆಗೆಯಬೇಕು ಎಂದು ಬರೆಯಿಸಿ. ಪತ್ರ ಬರೆಯುವವರು ಕೇಳದಿದ್ದರೆ ನೀವೇ ಹೇಳಿ.

ಬರವಣಿಗೆಯ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. “ಪೈಪ್ ಹಾಕ್ಕೊಳ್ಳಿ ಬಿಡಿ” ಎಂದು ನೆರೆಯವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರೆ ಅದು ಅನುಮತಿ, ಹಕ್ಕಲ್ಲ. ಅನುಮತಿಯನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು. ಆ ಅನುಮತಿಯ ಮೇಲೆ ನಂಬಿಕೆಯಿಟ್ಟು ಖರ್ಚು ಮಾಡಿ ಶಾಶ್ವತ ಕೆಲಸ ಮಾಡಿದ್ದರೆ ಮಾತ್ರ 60ನೇ ಕಲಮು ರಕ್ಷಣೆ ಕೊಡುತ್ತದೆ. ನೆರೆಯವರು ಮನೆ ಮಾರಿದರೆ ಹೊಸಬರಿಗೆ ನಿಮ್ಮ ಸ್ನೇಹದ ಲೆಕ್ಕ ಗೊತ್ತಿರುವುದಿಲ್ಲ. ಶಾಶ್ವತ ದಾರಿಯೇ ಬೇಕಾದರೆ ನಕ್ಷೆಯೊಂದಿಗೆ ಪತ್ರ ಮಾಡಿಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದೇ ಸರಿ. ಮೇಷ್ಟ್ರ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ: ರಾಜಿಯಾದ ಸಂಭ್ರಮದಲ್ಲಿ ಕಾಗದ ಮರೆಯಲಿಲ್ಲ. ಗಡಿಯ ಬಗ್ಗೆಯೇ ಅನುಮಾನವಿದ್ದರೆ ಕಾಲುವೆ ತೋಡುವ ಮೊದಲು ಅಳತೆ ಮಾಡಿಸಬೇಕು. ಜಮೀನಾದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಅರ್ಧ ಅಡಿ ಆಚೀಚೆ ತೋಡಿದ ಕಾಲುವೆಯಿಂದ ನೀರಿನ ಜಗಳ ನೆಲದ ಜಗಳವಾಗುತ್ತದೆ. ಅದು ಇನ್ನೂ ಕಠಿಣ.

ಇಂಗುಗುಂಡಿ ಮಾಡಿದರೆ ಆಯಿತಲ್ಲ ಎಂದು ಬಹಳ ಜನ ಸಲಹೆ ಕೊಡುತ್ತಾರೆ. ಬಯಲುಸೀಮೆಗೆ, ಬೆಂಗಳೂರಿಗೆ ಅದು ಒಳ್ಳೆಯ ದಾರಿ. ಬೆಂಗಳೂರಿನಲ್ಲಿ 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯ ನಂತರ 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ವಿಜ್ಞಾನಿ ಎ.ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ ಮನೆಯನ್ನು ಮಳೆನೀರಿನಿಂದಲೇ ನಡೆಸಿ ತೋರಿಸಿದರು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ದಶಕಗಳಿಂದ ನೀರಿಂಗಿಸುವ ಬಗ್ಗೆ ಬರೆಯುತ್ತ ಬಂದಿದ್ದಾರೆ. ತಾರಸಿಯ ನೀರು ನಿಮ್ಮ ಸಂಪಿಗೇ ಹೋದರೆ ಪಕ್ಕದವರ ಗೋಡೆಗೆ ಹೋಗುವುದು ಅಷ್ಟು ಕಡಿಮೆ. ಆದರೆ ದರೆ ಕಡಿದು ಕಟ್ಟಿದ ಮನೆಗಳ ಊರಿನಲ್ಲಿ ಗುಂಡಿ ತೋಡುವ ಜಾಗವನ್ನು ಬಹಳ ಯೋಚಿಸಿ ಆರಿಸಬೇಕು. ದರೆಯ ನೆತ್ತಿಯಲ್ಲಿ ನೀರು ಇಂಗಿಸಿದರೆ ಮಣ್ಣು ಭಾರವಾಗಿ, ಸಡಿಲವಾಗಿ ಕೆಳಗಿನ ಮನೆಯ ಮೇಲೆ ಕುಸಿಯಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ನೀರು ಕುಡಿದ ಮಣ್ಣಿನ ಶಕ್ತಿ ಏನೆಂದು ಗೊತ್ತು. ಅಂಥ ಕಡೆ ನೀರನ್ನು ಗಟ್ಟಿ ಕಾಲುವೆಯಲ್ಲಿ ಹಳ್ಳಕ್ಕೆ ಮುಟ್ಟಿಸುವುದೇ ಕ್ಷೇಮ. ತಡೆಗೋಡೆ ಕಟ್ಟಿದರೆ ನೀರು ಬಸಿಯಲು ಅದರಲ್ಲಿ ತೂತುಗಳನ್ನು ಬಿಡಲೇಬೇಕು, ಬಸಿದ ನೀರಿಗೆ ಬುಡದಲ್ಲಿ ಕಾಲುವೆಯೂ ಬೇಕು. ಮನೆಯ ತಳಪಾಯದ ಪಕ್ಕದಲ್ಲಿ, ಅದು ನಿಮ್ಮದಿರಲಿ ಪಕ್ಕದವರದಿರಲಿ, ಇಂಗುಗುಂಡಿ ತೋಡಬಾರದು.

ಮಾತುಕತೆ ಮುರಿದೇ ಹೋದರೆ? ಸಾರ್ವಜನಿಕ ಚರಂಡಿಯನ್ನು ಯಾರಾದರೂ ಮುಚ್ಚಿದ್ದರೆ ಪಂಚಾಯಿತಿಗೋ ಪುರಸಭೆಗೋ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಜಗ್ಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಡ್ಡಿ ತೆರವು ಮಾಡಿಸುವ ಅಧಿಕಾರವಿದೆ. ಇಬ್ಬರ ಖಾಸಗಿ ವ್ಯಾಜ್ಯಕ್ಕೆ ಸಿವಿಲ್ ಕೋರ್ಟೇ. ಅಲ್ಲಿಯೂ ನ್ಯಾಯಾಲಯ ಕಮಿಷನರನ್ನು ನೇಮಿಸಿ ಸ್ಥಳ ತನಿಖೆ ಮಾಡಿಸಬಹುದು. ಮೇಸ್ತ್ರಿ ಒಂದು ಮಧ್ಯಾಹ್ನ ಮಾಡಿದ ಕೆಲಸವನ್ನೇ ಆ ಕಮಿಷನರೂ ಮಾಡುವುದು. ಹಾಗಾಗಿ ಮೊದಲ ದಿನದಿಂದಲೇ ಮಳೆಯಲ್ಲಿ ತೆಗೆದ ಫೋಟೊ, ವಿಡಿಯೊ, ದಿನಾಂಕ ಇಟ್ಟುಕೊಳ್ಳುವುದು ಒಳ್ಳೆಯದು. ರಾಜಿಗೂ ಅದು ಬೇಕು, ದಾವೆಗೂ ಬೇಕು.

ಕೋರ್ಟಿಗೆ ಮುಂಚೆ ಇನ್ನೊಂದು ಬಾಗಿಲು ಇದೆ, ಅದನ್ನು ನಮ್ಮ ಜನ ತಟ್ಟುವುದು ಕಡಿಮೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಕೇಸು ದಾಖಲಾಗುವ ಮೊದಲೇ ವ್ಯಾಜ್ಯವನ್ನು ಅಲ್ಲಿಗೆ ಒಯ್ದು ಲೋಕ ಅದಾಲತ್ ಮುಂದೆ ಇಡಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ, ನ್ಯಾಯಾಲಯ ಶುಲ್ಕವೂ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಮುಂದಿನ ಮಳೆಗಾಲಕ್ಕೆ ಕಾಯಬೇಡಿ.